ಪದವಿ ದಿನ ಯಾರದು, ಅತಿಥಿಗಳದೋ ಮಕ್ಕಳದೋ?

ಮಾನ್ಯ ಸಂಪಾದಕರೇ,

ಜಿಲ್ಲೆಯ ಕಾಲೇಜುಗಳಲ್ಲಿ ಪದವಿ ದಿನಾಚರಣೆಯ ಸುಗ್ಗಿ ಮುಗಿಯುತ್ತಾ ಬಂದಿದೆ. ನಿಮ್ಮ ಪತ್ರಿಕೆಯ ಒಳಪುಟದಲ್ಲೂ ಒಂದಾದ ಮೇಲೊಂದು ಫೋಟೊ: ನಡುವೆ ಮುಖ್ಯ ಅತಿಥಿ, ಅಕ್ಕಪಕ್ಕ ಆಡಳಿತ ಮಂಡಳಿ, ತುದಿಗೆ ಪ್ರಾಂಶುಪಾಲರು, ಹಿಂದಿನ ಸಾಲಿನಲ್ಲಿ ಕಪ್ಪು ಗೌನು ತೊಟ್ಟ ಮಕ್ಕಳ ಅರ್ಧರ್ಧ ಮುಖ. ಸಮಾರಂಭವೂ ಈ ಫೋಟೊದ ಹಾಗೆಯೇ ನಡೆಯುತ್ತದೆ ಎಂಬುದೇ ನನ್ನ ತಕರಾರು.

ನನ್ನ ಮಗಳು ಕೋಲಾರದ ಒಂದು ಕ್ರೈಸ್ತ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದಳು. ಕಾಲೇಜಿನ ಹೆಸರು ಬೇಡ. ಪಾಠ ಚೆನ್ನಾಗಿ ಮಾಡುತ್ತಾರೆ, ಫೀಸಿಗಾಗಿ ಕಾಡಿದವರೂ ಅಲ್ಲ. ಕಾರ್ಯಕ್ರಮ ಹತ್ತು ಗಂಟೆಗೆ ಎಂದು ಕಾರ್ಡಿನಲ್ಲಿತ್ತು; ಮುಖ್ಯ ಅತಿಥಿಗಳು ದಯಮಾಡಿಸಿದಾಗ ಹನ್ನೊಂದೂವರೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದಿದ್ದ ತಂದೆತಾಯಂದಿರು ಶಾಮಿಯಾನದ ಹಿಂದಿನ ಕುರ್ಚಿಗಳಲ್ಲಿ ಕೂತು ಆಮಂತ್ರಣ ಪತ್ರಿಕೆಯಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಆಮೇಲೆ ಸ್ವಾಗತ. ಶಾಲು, ಮೈಸೂರು ಪೇಟ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ವೇದಿಕೆ ಮೇಲಿದ್ದ ಅಷ್ಟೂ ಮಂದಿಗೆ, ಒಬ್ಬೊಬ್ಬರ ಹಿಂದುಮುಂದಿನ ಬಿರುದುಗಳ ಸಮೇತ. ಅತಿಥಿಗಳ ಭಾಷಣ ಮುಕ್ಕಾಲು ಗಂಟೆ, ಇಂಗ್ಲಿಷಿನಲ್ಲಿ. ಕನಸು ಕಾಣಿರಿ ಎಂದರು, ಮೊಬೈಲ್ ಬಿಡಿ ಎಂದರು, ತಾವು ಮಂಜೂರು ಮಾಡಿಸಿದ ರಸ್ತೆಗಳನ್ನು ಎಣಿಸಿದರು.

ಮಕ್ಕಳ ಸರದಿ ಬರುವಷ್ಟರಲ್ಲಿ ಊಟದ ಹೊತ್ತು. ‘ಸಮಯದ ಅಭಾವದಿಂದ’ ಎಂಬ ಮಾಮೂಲಿ ಮಾತು ಮೈಕಿನಲ್ಲಿ ಕೇಳಿಸಿತು. ಹತ್ತತ್ತು ಮಕ್ಕಳನ್ನು ಒಟ್ಟಿಗೆ ಹತ್ತಿಸಿ, ಕೈಗೊಂದು ಫೈಲು ಕೊಟ್ಟು, ಒಂದು ಫೋಟೊ ಹೊಡೆದು ಇಳಿಸಿದರು. ಒಂದು ಹೆಸರನ್ನೂ ಕೂಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ಕೇಳಿದರು: “ಅಣ್ಣಾ, ನಮ್ ಪಾಪನ ಹೆಸರು ಕೂಗ್ಬಿಟ್ರಾ?” ಆಕೆಯ ಮಗಳು ಆಗಲೇ ವೇದಿಕೆ ಇಳಿದು ಹೋಗಿದ್ದಳು. ಫೈಲಿನೊಳಗೆ ‘ಅಭಿನಂದನೆಗಳು’ ಎಂದು ಅಚ್ಚಾದ ಒಂದು ಹಾಳೆ. ಜೊತೆಗೆ, ಮೂರು ಗಂಟೆಯೊಳಗೆ ಗೌನು ವಾಪಸ್ ಕೊಟ್ಟು ಡಿಪಾಸಿಟ್ ಪಡೆಯಿರಿ ಎಂಬ ಚೀಟಿ.

ಫೈಲಿನಲ್ಲಿ ಪದವಿ ಪ್ರಮಾಣಪತ್ರ ಇಲ್ಲದಿದ್ದುದಕ್ಕೆ ಕಾಲೇಜನ್ನು ದೂರುವಂತಿಲ್ಲ. ಪದವಿ ಕೊಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಕ್ಕೆ. ನಮ್ಮ ಕಡೆ ಅದು ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯಗಳ ಘಟಿಕೋತ್ಸವದಲ್ಲಿ ಸಾಮಾನ್ಯವಾಗಿ ವೇದಿಕೆ ಹತ್ತುವವರು ಚಿನ್ನದ ಪದಕದವರು, ಪಿಎಚ್.ಡಿ. ಮಾಡಿದವರು. ಬರೀ ಪಾಸಾದವರಿಗೆ, ಫಸ್ಟ್ ಕ್ಲಾಸ್ ಬಂದವರಿಗೂ ಕೂಡ, ಪ್ರಮಾಣಪತ್ರ ಸಿಗುವುದು ಎಷ್ಟೋ ತಿಂಗಳ ಮೇಲೆ ಕಚೇರಿಯ ಗುಮಾಸ್ತರ ಮುಂದೆ ಸಹಿ ಹಾಕಿದಾಗ. ಅಂದರೆ ಇಂಥ ಮಕ್ಕಳಿಗೆ ಹೆತ್ತವರ ಕಣ್ಣೆದುರು ವೇದಿಕೆ ಹತ್ತುವ ಭಾಗ್ಯ ಇರುವುದು ಕಾಲೇಜಿನ ಈ ಒಂದು ದಿನ ಮಾತ್ರ. ಹೆಸರು ಕೂಗುವುದನ್ನೇ ಬಿಟ್ಟರೆ ಅಲ್ಲಿ ಉಳಿಯುವುದು ಅತಿಥಿ ಸತ್ಕಾರ.

ಕ್ರೈಸ್ತ ಕಾಲೇಜು ಎಂದಮೇಲೆ ಪ್ರಾರ್ಥನೆ, ಬೈಬಲ್ ವಾಚನ ಇದ್ದೇ ಇರುತ್ತದೆ. ನಮಗ್ಯಾಕಪ್ಪ ಇದೆಲ್ಲ ಎಂದು ಹಿಂದಿನ ಸಾಲಿನವರೊಬ್ಬರು ಗೊಣಗಿದರು. ನಾನೂ ಕ್ರೈಸ್ತನಲ್ಲ, ಆದರೆ ಆ ದಿನ ನನಗೆ ಹಿಡಿಸಿದ್ದು ಅದೊಂದೇ. ಪಾಸ್ಟರು ಕನ್ನಡದಲ್ಲಿ ಮೀಕನ ಗ್ರಂಥದ ಆರನೇ ಅಧ್ಯಾಯದ ಒಂದು ವಚನ ಓದಿದರು. ನ್ಯಾಯವಾಗಿ ನಡೆ, ಕರುಣೆಯಿರಲಿ, ದೇವರೆದುರು ತಗ್ಗಿ ನಡೆ ಎಂಬ ಅರ್ಥದ್ದು. ಕೆಲಸಕ್ಕೆ ಸೇರಿದ ಮೇಲೆ ಕೈಕೆಳಗಿನವರನ್ನು ಹೇಗೆ ನಡೆಸಿಕೊಳ್ಳುತ್ತೀರಿ ಎಂಬುದಕ್ಕೆ ಅದನ್ನು ಹೊಂದಿಸಿ ನಾಲ್ಕು ಮಾತು ಹೇಳಿ, ಆಶೀರ್ವದಿಸಿ ಕೂತರು. ಐದು ನಿಮಿಷ ಹಿಡಿಯಿತೋ ಇಲ್ಲವೋ. ಏನು ಹೇಳಬೇಕೆಂದು ಮನೆಯಲ್ಲೇ ಯೋಚಿಸಿಕೊಂಡು ಬಂದವರು ಆ ವೇದಿಕೆಯಲ್ಲಿ ಅವರೊಬ್ಬರೇ.

ಮುಖ್ಯ ಅತಿಥಿಗಳನ್ನು ಯಾಕೆ ಕರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕಾಲೇಜಿಗೆ ಕಟ್ಟಡದ ಅನುಮತಿ ಬೇಕು, ಕಾಂಪೌಂಡಿನ ಪಕ್ಕದ ಜಾಗದ ಖಾತೆ ಆಗಬೇಕು, ಅನುದಾನದ ಕಡತ ಮುಂದಕ್ಕೆ ಹೋಗಬೇಕು. ಅಲ್ಪಸಂಖ್ಯಾತ ಸಂಸ್ಥೆಯಾದರೆ ಎಲ್ಲ ಪಕ್ಷದವರ ಜೊತೆಗೂ ಚೆನ್ನಾಗಿರಬೇಕೆಂಬ ಅಳುಕು ಬೇರೆ. ಕಷ್ಟ ಅರ್ಥವಾಗುತ್ತದೆ. ಅದಕ್ಕೆ ವಾರ್ಷಿಕೋತ್ಸವ ಇದೆ, ಶಂಕುಸ್ಥಾಪನೆ ಇದೆ, ಕ್ರಿಸ್‌ಮಸ್ ಕೂಟ ಇದೆ. ಪದವಿ ದಿನವನ್ನು ಬಿಟ್ಟುಬಿಡಿ.

ಮಾತಾಡುವವರಿಗೇನು ಬರವೇ? ಮೆಥಡಿಸ್ಟ್ ಮಿಷನ್‌ನ ಇ.ಟಿ.ಸಿ.ಎಂ. ಆಸ್ಪತ್ರೆ ನಮ್ಮೂರಲ್ಲೇ ಇದೆ, ನೂರು ವರ್ಷ ದಾಟಿದ್ದು. ರಾತ್ರಿ ಪಾಳಿಯಲ್ಲೇ ಆಯಸ್ಸು ಸವೆಸಿದ ಒಬ್ಬ ನಿವೃತ್ತ ನರ್ಸನ್ನು ಕರೆಯಿರಿ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದು ಮನೆ ನಡೆಸಿದವರ ಮಕ್ಕಳು ಇದೇ ಕಾಲೇಜುಗಳಲ್ಲಿ ಓದಿ ಬ್ಯಾಂಕು, ಅಂಚೆ ಕಚೇರಿ ಸೇರಿದ್ದಾರೆ; ಅವರನ್ನು ಕರೆಯಿರಿ. ಈಗ ಪದವಿ ಮುಗಿಸಿದ ಮಕ್ಕಳಲ್ಲಿ ಅನೇಕರು ಮುಂದಿನ ತಿಂಗಳೇ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಬಸ್ಸು ಹತ್ತುವವರು. ಕಂಟ್ರಾಕ್ಟ್ ಕೆಲಸ ಎಂದರೇನು, ಸಂಬಳದ ಚೀಟಿಯಲ್ಲಿ ಪಿ.ಎಫ್. ಕಾಲಂ ಎಲ್ಲಿ ನೋಡಬೇಕು, ಪಾಳಿಯಲ್ಲಿ ದುಡಿಯುತ್ತಲೇ ಎಂ.ಕಾಂ. ಕಟ್ಟುವುದು ಹೇಗೆ ಎಂದು ಐದಾರು ವರ್ಷದ ಹಿಂದೆ ಅದೇ ಬೆಂಚಿನಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಲಿ, ಪಿಸುಗುಟ್ಟುವ ಹುಡುಗರೂ ಕಿವಿ ಕೊಡುತ್ತಾರೆ.

ಭಾಷೆಯ ವಿಷಯಕ್ಕೆ ಬಂದರೆ, ಇಂಗ್ಲಿಷ್ ಇಲ್ಲದಿದ್ದರೆ ಗಾಂಭೀರ್ಯ ಇರುವುದಿಲ್ಲ ಎನ್ನುವವರಿಗೆ ಒಂದು ನೆನಪು. 1974ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಘಟಿಕೋತ್ಸವ ಭಾಷಣ ಮಾಡಿದವರು ಕುವೆಂಪು, ಕನ್ನಡದಲ್ಲಿ. ಆಗ ಕುಲಪತಿಯಾಗಿದ್ದವರು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. ಮೌಢ್ಯ ಬಿಡಿ ಎಂದು ಯುವಕರಿಗೆ ನೇರವಾಗಿ ಹೇಳಿದ ಕುವೆಂಪು ಅವರ ಆ ಮಾತನ್ನು ಜನ ಇವತ್ತಿಗೂ ಓದುತ್ತಾರೆ. (ಅಷ್ಟು ಖಾರದ ಭಾಷಣವನ್ನು ಈಗ ಯಾವ ಕಾಲೇಜು ತಡೆದುಕೊಂಡೀತು ಎಂಬುದು ಬೇರೆ ಮಾತು.) ತೆಲುಗು, ಕನ್ನಡ ಬೆರೆಸಿ ಮಾತಾಡುವ ಈ ಗಡಿ ಜಿಲ್ಲೆಯಲ್ಲಿ ಎರಡೂ ಭಾಷೆಯಲ್ಲಿ ನಾಲ್ಕು ಮಾತಾಡಿದರೂ ಯಾರಿಗೂ ಬೇಸರವಿಲ್ಲ.

ಗೌನಿನ ಬಗ್ಗೆ ನಾನು ಜಗಳಕ್ಕೆ ಬರುವುದಿಲ್ಲ. ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆ ಬಳಸಿ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹಿಂದೆಯೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಬಿಸಿಲಿಗೆ ಅದೇ ವಾಸಿ. ಆದರೆ ಆ ಕರಿ ಟೋಪಿ ಮೇಲಕ್ಕೆಸೆದು ಫೋಟೊ ತೆಗೆಸಿಕೊಳ್ಳುವ ಮಕ್ಕಳ ಖುಷಿಗೆ ನಾವೇಕೆ ಅಡ್ಡ ಬರಬೇಕು.

ಮುಂದಿನ ವರ್ಷದ ತಯಾರಿ ಮಾಡುವ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರಾರ್ಥನೆ ಆದ ಕೂಡಲೇ ಒಬ್ಬೊಬ್ಬರ ಹೆಸರೂ, ತಂದೆತಾಯಿಯ ಹೆಸರೂ, ಊರೂ ಕೂಗಿ ಕರೆಯಿರಿ. ಅತಿಥಿ ಬಂದಿರಲಿ ಬಿಡಲಿ, ಹತ್ತು ಗಂಟೆಗೆ ಶುರು ಮಾಡಿ. ಫೈಲು ಕೊಡಲು ಪಾಠ ಹೇಳಿದ ಮೇಷ್ಟ್ರುಗಳು ಸಾಕು. ಭಾಷಣ ಕೊನೆಗಿರಲಿ, ಕಾಲು ಗಂಟೆ ಮೀರದಿರಲಿ, ಇದನ್ನು ಅತಿಥಿಗಳಿಗೆ ಒಪ್ಪಿಗೆ ಕೇಳಲು ಫೋನ್ ಮಾಡಿದಾಗಲೇ ತಿಳಿಸಿಬಿಡಿ. ಒಪ್ಪದವರ ಹೆಸರನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಬೇಡಿ.

ಇಂತಿ,
ಒಬ್ಬ ಪೋಷಕ, ಕೋಲಾರ