ಮೀನಿನ ತಲೆಯೊಳಗೆ ಇಣುಕುವ ಕೆಲಸ

ಗೆಳೆಯ,

ಮೆದುಳಿನ ಸಂಶೋಧನೆ ಮಾಡ್ತೀನಿ ಅಂತ ಹೋದವನು ಮೀನು ಸಾಕಿಕೊಂಡು ಕೂತಿದ್ದೀಯಲ್ಲೋ ಅಂತ ಕಾಲೆಳೆದಿದ್ದೆಯಲ್ಲ, ಉತ್ತರ ತಡವಾಯಿತು. ಹೌದು ಮಾರಾಯ, ಮೀನೇ. ಮೈಮೇಲೆ ನೀಲಿ ಪಟ್ಟೆಗಳಿರುವ, ಸುಮಾರು 4 ಸೆಂಟಿಮೀಟರ್ ಬೆಳೆಯುವ ಜೀಬ್ರಾ ಮೀನು.

ಇದರ ದೊಡ್ಡ ಗುಣವೆಂದರೆ ಮುಚ್ಚುಮರೆ ಇಲ್ಲದಿರುವುದು. ಇಲಿಮರಿಯ ಮೆದುಳು ರೂಪ ತಳೆಯುವುದು ತಾಯಿಯ ಗರ್ಭದಲ್ಲಿ, ನಮ್ಮ ಕಣ್ಣಿಗೆ ಸಿಗುವುದಿಲ್ಲ. ಜೀಬ್ರಾ ಮೀನಿನ ಮೊಟ್ಟೆ ನೀರಿನಲ್ಲೇ ಫಲಿತವಾಗಿ ನೀರಿನಲ್ಲೇ ಬೆಳೆಯುತ್ತೆ, ಒಳಗಿನ ಭ್ರೂಣವೂ ಪಾರದರ್ಶಕ. 24 ಗಂಟೆ ತುಂಬುವಷ್ಟರಲ್ಲಿ ಮುಮ್ಮೆದುಳು, ನಡುಮೆದುಳು, ಹಿಮ್ಮೆದುಳು ಬೇರೆ ಬೇರೆಯಾಗಿ ಕಾಣುತ್ತವೆ. ಅದಕ್ಕೂ ಮುಂಚೆಯೇ ಬಾಲ ಮಿಸುಕಾಡಲು ಶುರು. ಆ ಮಿಸುಕಾಟಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ, ಬೆನ್ನುಹುರಿಯೇ ಸಾಕು. ಐದಾರು ದಿನಕ್ಕೆ ಮರಿ ಬೇಟೆಗೆ ಇಳಿಯುತ್ತೆ.

ಆ ಬೇಟೆಯನ್ನು ನೀನೊಮ್ಮೆ ನೋಡಬೇಕು ಕಣೋ. ಎದುರಿಗೆ ಪ್ಯಾರಮೀಸಿಯಂ ಅನ್ನುವ ಒಂಟಿಕೋಶದ ಜೀವಿ ಕಂಡ ಕೂಡಲೇ ಎರಡೂ ಕಣ್ಣು ಒಳಕ್ಕೆ ತಿರುಗಿ ಅದರ ಮೇಲೆ ನೆಡುತ್ತವೆ. ಬಾಲದ ತುದಿಯನ್ನಷ್ಟೇ ಕೊಂಚ ಮಡಿಸಿ, ಮೈಯನ್ನು ಅತ್ತ ತಿರುಗಿಸಿಕೊಂಡು, ಚೂರುಚೂರೇ ಮುಂದೆ ಸರಿದು, ಕೊನೆಗೆ ಗಬಕ್ಕನೆ ನುಂಗುತ್ತೆ. ಯಾರೂ ಹೇಳಿಕೊಟ್ಟಿಲ್ಲ! ಇಷ್ಟಕ್ಕೆಲ್ಲ ಅದರ ಹತ್ತಿರ ಇರುವುದು ಸುಮಾರು 1 ಲಕ್ಷ ನರಕೋಶ; ನಮ್ಮಲ್ಲಿ ಸುಮಾರು 8,600 ಕೋಟಿ. ಕೋಶ ಚುರುಕಾದಾಗ ಹೊಳೆಯುವಂಥ ಪ್ರೋಟೀನನ್ನು ಜೀನ್ ಮೂಲಕ ಸೇರಿಸಿ, ಲೇಸರ್ ಬೆಳಕನ್ನು ತೆಳು ಪದರವಾಗಿ ಹಾಯಿಸಿ, 2013ರಲ್ಲಿ ಮಿಶಾ ಆರೆನ್ಸ್ ಮತ್ತು ಫಿಲಿಪ್ ಕೆಲ್ಲರ್ ಅನ್ನುವ ವಿಜ್ಞಾನಿಗಳು ಮರಿಮೀನಿನ ಮೆದುಳಿನ ಶೇ 80ಕ್ಕೂ ಹೆಚ್ಚು ನರಕೋಶಗಳ ಚಟುವಟಿಕೆಯನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು.

ನನ್ನ ಮೆಚ್ಚಿನದು ಮಾತ್ರ ಮೌಥ್ನರ್ ಕೋಶಗಳೆಂಬ ನರಕೋಶಗಳ ಕತೆ. ಹಿಮ್ಮೆದುಳಿನಲ್ಲಿ ಎಡಕ್ಕೊಂದು ಬಲಕ್ಕೊಂದು, ಎರಡೇ. ಮರಿ ಇರುವ ಗಾಜಿನ ತಟ್ಟೆಗೆ ಟಕ್ ಅಂತ ತಟ್ಟಿದರೆ ಅವುಗಳಲ್ಲೊಂದು ಸಂಕೇತ ಕಳಿಸುತ್ತೆ, ಎದುರು ಬದಿಯ ಸ್ನಾಯು ಬಿಗಿಯುತ್ತೆ, ಮರಿ ‘ಸಿ’ ಆಕಾರಕ್ಕೆ ಬಾಗಿ ಪರಾರಿ. ಹಾಗಾದರೆ ಎರಡನ್ನೂ ನಾಶಮಾಡಿದರೆ ಮೀನು ಓಡಲಾರದೆ? ಓಡುತ್ತೆ, ತುಸು ತಡವಾಗಿ. ಅದೇ ಕೆಲಸಕ್ಕೆ ಬೇರೆ ಕೋಶಗಳೂ ಇವೆ. ಇಂಥ ವರ್ತನೆಗೆ ಇಂಥದೇ ಕೋಶ ಅಂತ ಸಲೀಸಾಗಿ ಬರೆಯುವವರನ್ನು ಕಂಡರೆ ನನಗೆ ಗುಮಾನಿ.

ಮನುಷ್ಯರ ಜೀನ್‌ಗಳಲ್ಲಿ ಸುಮಾರು ಶೇ 70ಕ್ಕೆ ಈ ಮೀನಿನಲ್ಲಿ ಸಂಬಂಧಿ ಜೀನ್ ಸಿಗುತ್ತೆ. ಅದನ್ನೇ ಹಿಡಿದು ‘ಮೀನಿಗೂ ಆಟಿಸಂ’ ಅಂತ ಯಾರಾದರೂ ಬರೆದರೆ ನಂಬಬೇಡ. ನಮ್ಮ ಹಾಗೆ ಆರು ಪದರದ ಕಾರ್ಟೆಕ್ಸ್, ಅಂದರೆ ಮೆದುಳಿನ ಹೊರಪದರ, ಇದಕ್ಕಿಲ್ಲ. ಹೊಸ ತೊಟ್ಟಿಗೆ ಬಿಟ್ಟ ಮೀನು ಮೊದಮೊದಲು ತಳದಲ್ಲೇ ಇರುತ್ತೆ. ಸಂಶೋಧನಾ ಪ್ರಬಂಧಗಳು ಇದನ್ನು ಆತಂಕ ಅನ್ನುತ್ತವೆ. ತಳದಲ್ಲಿತ್ತು ಅಂತಷ್ಟೇ ಬರೆದುಕೊಳ್ಳುವುದು ನನ್ನ ರೂಢಿ. ಆದರೆ ಆಟಿಸಂ ಜೊತೆ ನಂಟಿರುವ ಒಂದು ಜೀನನ್ನು ಕೆಡಿಸಿದಾಗ ಯಾವ ನರಕೋಶ ಯಾವಾಗ, ಎಲ್ಲಿ ದಾರಿ ತಪ್ಪಿತು ಅನ್ನುವುದನ್ನು ಜೀವಂತ ಮೆದುಳಿನಲ್ಲೇ ನೋಡಬೇಕಾದರೆ, ಬೆನ್ನೆಲುಬಿರುವ ಪ್ರಾಣಿಗಳಲ್ಲಿ ನಾನು ಇದನ್ನೇ ಆರಿಸಿಕೊಳ್ಳುವುದು.

ಮೀನಿಗೂ ನಿದ್ದೆ ಇದೆಯಾ ಅಂತಲೂ ನೀನು ಕೇಳಿದ್ದೆ. ಮರಿಮೀನುಗಳೂ ರಾತ್ರಿ ನಿದ್ದೆ ಮಾಡುತ್ತವೆ. ರಾತ್ರಿ ಹೊತ್ತು ಹೆಚ್ಚುವ ಹಾರ್ಮೋನ್ ಆದ ಮೆಲಟೋನಿನ್ ತಯಾರಿಸಲಾರದ ಮರಿಗಳಿಗೆ ನಿದ್ದೆ ಕಡಿಮೆ. ಉಳಿದದ್ದು ಮುಂದಿನ ಪತ್ರಕ್ಕೆ, ಮರಿಗಳಿಗೆ ಊಟ ಹಾಕುವ ಹೊತ್ತಾಯಿತು.

ನಿನ್ನ,
ಮೀನು ಸಾಕುವವನು