ಹಾರ ಹಾಕಿದ ಫೋಟೋ ಸಾಕೇ?

ಮಾನ್ಯ ಸಂಪಾದಕರೇ,

2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ಅಂತಿಮ ದರ್ಶನಕ್ಕೆ ಯಾರ್ಯಾರು ಬಂದರು ಎಂಬ ಸುದ್ದಿಯೇ ನನಗೆ ಜಾಸ್ತಿ ಕಂಡಿತು. ಅವರ ಕಣ್ಣುಗಳನ್ನು ದಾನ ಮಾಡಿದ ವಿಷಯ ನಡುವೆ ಎಲ್ಲೋ ಹುದುಗಿತ್ತು. ಅದೇ ತಲೆಬರಹ ಆಗಬೇಕಿತ್ತು, ಅಲ್ವಾ?

ಅದೇ ದಿನ ಪಂಜಾಬಿನ ತಮ್ಮ ಊರಿನ ಬಳಿ ಕಾರು ಬಡಿದು ಓಟಗಾರ ಫೌಜಾ ಸಿಂಗ್ ಹೋಗಿಬಿಟ್ಟರು. 89ರ ವಯಸ್ಸಿನಲ್ಲಿ ಮ್ಯಾರಥಾನ್ ಶುರು ಮಾಡಿದವರು. 2011ರಲ್ಲಿ, ನೂರು ತುಂಬಿದ ಮೇಲೆ, ಟೊರೊಂಟೊದಲ್ಲಿ 42 ಕಿಲೋಮೀಟರ್ ಪೂರ್ತಿ ಮುಗಿಸಿದರು. (ನನಗೆ ಬಸ್ಸಿನ ಹಿಂದೆ ಓಡಿದರೇ ಏದುಸಿರು!)

ರಾಜಕಾರಣಿಗಳ ಕತೆ ಇನ್ನೊಂದು. 2024ರ ಡಿಸೆಂಬರ್‌ನಲ್ಲಿ ಎಸ್.ಎಂ. ಕೃಷ್ಣ ತೀರಿಕೊಂಡಾಗ ಬೆಂಗಳೂರಿನ ಐಟಿ ಬಗ್ಗೆಯೇ ಮಾತು. ಶಾಲಾ ಮಕ್ಕಳ ಬಿಸಿಯೂಟ, ರೈತರ ಚಿಕಿತ್ಸೆಗೆ ನೆರವಾದ ಯಶಸ್ವಿನಿ, ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಕೂಡ ಅವರ ಕಾಲದಲ್ಲೇ ಬಂದವು. ಪಹಣಿಗಾಗಿ ಶಾನುಭೋಗರ, ಗ್ರಾಮಲೆಕ್ಕಿಗರ ಹಿಂದೆ ಅಲೆದವರಿಗೆ ಅದರ ಬೆಲೆ ಗೊತ್ತು.

ಒಂದು ಕೋರಿಕೆ. ಇಂಥವರ ಪುಣ್ಯತಿಥಿಯ ದಿನ ಸುಮ್ನೆ ಫೋಟೋ ಹಾಕುವ ಬದಲು, ಅವರು ಬಿಟ್ಟುಹೋದ ಕೆಲಸ ಈಗ ಹೇಗಿದೆ ಎಂದು ನಾಲ್ಕು ಸಾಲು ಬರೆಯಿರಿ.

– ನಿಮ್ಮ ಓದುಗ