ಎರಡು ಹಲಗೆಚಿತ್ರಗಳು, ಒಂದು ಉಯಿಲು

ಮಾನ್ಯ ಸಂಪಾದಕರೇ,

ಹದಿನೈದನೇ ಶತಮಾನದ ಫ್ಲೆಮಿಶ್ ಚಿತ್ರಕಾರ ಯಾನ್ ವಾನ್ ಐಕ್ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು, ಸಂತ ಫ್ರಾನ್ಸಿಸ್ ಪಂಚಗಾಯಗಳನ್ನು (ಶಿಲುಬೆಗೇರಿದ ಕ್ರಿಸ್ತನ ಐದು ಗಾಯಗಳ ಗುರುತನ್ನು) ತನ್ನ ಮೈಮೇಲೆ ಪಡೆಯುವ ದೃಶ್ಯದ ಎರಡು ಹಲಗೆಚಿತ್ರಗಳಲ್ಲಿ ಇಟಲಿಯ ಟ್ಯೂರಿನ್‌ನದು ಅಸಲು, ಅಮೆರಿಕದ ಫಿಲಡೆಲ್ಫಿಯಾದ್ದು ನಕಲು ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಿದೆ. ತಜ್ಞರು ಇಂದಿಗೂ ಒಮ್ಮತಕ್ಕೆ ಬಾರದ ವಿಷಯವನ್ನು ಹೀಗೆ ಇತ್ಯರ್ಥವಾದಂತೆ ಬರೆಯುವುದು ಸರಿಯಲ್ಲ.

ಲೇಖಕರು ನೆಚ್ಚಿಕೊಂಡಿರುವುದು, ಇಂದಿನ ಬೆಲ್ಜಿಯಂನ ಬ್ರೂಜ್ ನಗರದ ವರ್ತಕ ಆನ್ಸೆಲ್ಮ್ ಅಡೋರ್ನೆಸ್ 1470ರಲ್ಲಿ ಜೆರುಸಲೇಮ್ ಯಾತ್ರೆಗೆ ಹೊರಡುವ ಮುನ್ನ ಬರೆಸಿದ ಉಯಿಲನ್ನು. ವಾನ್ ಐಕ್ ಕೈಯಿಂದಲೇ ಆದ ಸಂತ ಫ್ರಾನ್ಸಿಸ್‌ನ ಎರಡು ಚಿಕ್ಕ ಚಿತ್ರಗಳು ಸನ್ಯಾಸಿನಿಯರಾದ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ತಲಾ ಒಂದರಂತೆ ಸೇರಬೇಕೆಂದು ಅದರಲ್ಲಿದೆ. ಆದರೆ ಕಲಾವಿದ ತೀರಿಕೊಂಡದ್ದು 1441ರಲ್ಲಿ. ಆಗ ಅಡೋರ್ನೆಸ್‌ಗೆ ಹದಿನೇಳರ ಆಸುಪಾಸು. ಚಿತ್ರಗಳು ತಂದೆಯ ಕಾಲದಲ್ಲೇ ಮನೆಗೆ ಬಂದವೋ, ಮುಂದೆ ಮಗನೇ ಕೊಂಡನೋ, ಉಯಿಲು ಹೇಳುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕೆಂದರೆ, ಫಿಲಡೆಲ್ಫಿಯಾದ ಹಲಗೆಯ ಜಾಡು ಖಚಿತವಾಗಿ ಸಿಗುವುದು ಸುಮಾರು ಮುನ್ನೂರೈವತ್ತು ವರ್ಷಗಳ ನಂತರ, 1820ರ ದಶಕದ ಲಿಸ್ಬನ್‌ನಲ್ಲಿ. ಅಲ್ಲಿದ್ದ ಬ್ರಿಟಿಷ್ ರಾಯಭಾರಿ, ಮುಂದೆ ಲಾರ್ಡ್ ಹೇಟ್ಸ್‌ಬರಿ ಎನಿಸಿದವರು, ಅದನ್ನು ಕೊಂಡಾಗ ಅದು ಜರ್ಮನ್ ಚಿತ್ರಕಾರ ಡ್ಯೂರರ್ ಬರೆದದ್ದೆಂಬ ಹೆಸರಿನಲ್ಲಿತ್ತು. 1894ರಲ್ಲಿ ಅದು ಫಿಲಡೆಲ್ಫಿಯಾದ ವಕೀಲ ಜಾನ್ ಜಿ. ಜಾನ್ಸನ್ ಅವರ ಪಾಲಾಯಿತು. ಉಯಿಲಿನ ಚಿತ್ರವೇ ಇದು ಎನ್ನುವುದು ಬಲವಾದ ಊಹೆ, ಆದರೆ ಊಹೆಯೇ.

ಇನ್ನು ‘ನಕಲು’ ಎಂಬ ಮಾತು. ಅಂಗೈಯಗಲದ ಫಿಲಡೆಲ್ಫಿಯಾ ಚಿತ್ರದ ಅಳತೆ 12.4×14.6 ಸೆಂ.ಮೀ.; ಟ್ಯೂರಿನ್‌ನದು ಎರಡೂ ಬದಿಯಲ್ಲಿ ಇದರ ಎರಡು ಪಟ್ಟಿಗಿಂತ ತುಸು ಹೆಚ್ಚು. ಚಿಕ್ಕದನ್ನು ಬರೆದಿರುವುದು ಮರಕ್ಕೆ ಅಂಟಿಸಿದ ತೆಳು ಚರ್ಮದ ಹಾಳೆಯ ಮೇಲೆ. ಆ ಮರದ ಉಂಗುರಗಳನ್ನು ಪರೀಕ್ಷಿಸಿದಾಗ, ಬರ್ಲಿನ್‌ನಲ್ಲಿರುವ ವಾನ್ ಐಕ್‌ನ ಎರಡು ಭಾವಚಿತ್ರಗಳ ಹಲಗೆಗಳೂ ಇದೂ ಒಂದೇ ಮರದವೆಂದು ಕಂಡುಬಂದಿದೆ. ಹೀಗಿರುವಾಗ ಇದನ್ನು ಎಲ್ಲಿಯೋ ಯಾರೋ ಮಾಡಿದ ಪ್ರತಿ ಎಂದು ತಳ್ಳಿಹಾಕಲಾಗದು. ಹಾಗೆಂದು ಕುಂಚ ಹಿಡಿದವನು ಗುರುವೋ ಶಿಷ್ಯನೋ ಎಂಬುದನ್ನು ಮರ ಹೇಳಲಾರದು.

ಎರಡು ಚಿತ್ರಗಳನ್ನೂ ಹಿಗ್ಗಿಸಿ ನೋಡಿದರೆ, ಮಂಡಿಯೂರಿದ ಫ್ರಾನ್ಸಿಸ್‌ನ ನಿಲುವಂಗಿಯಡಿಯಿಂದ ಹೊರಚಾಚಿದ ಪಾದಗಳು ಆ ದೇಹಕ್ಕೆ ಸೇರಿದವೆಂದೇ ಅನ್ನಿಸುವುದಿಲ್ಲ. ಕರ್ತೃತ್ವವನ್ನು ಸಂದೇಹಿಸುವವರು ಮುಖ್ಯವಾಗಿ ಬೊಟ್ಟು ಮಾಡುವುದು ಇಲ್ಲಿಗೇ. ಪಕ್ಕದಲ್ಲಿ ನಿದ್ರಿಸುತ್ತಿರುವ ಸಂಗಡಿಗ ಸನ್ಯಾಸಿ ಲಿಯೋನ ಸೊಂಟದ ಹಗ್ಗ, ಬಂಡೆಯ ಪದರಗಳು, ಹಿಂದಿನ ಪುಟ್ಟ ಪಟ್ಟಣ ಇವುಗಳ ಸೂಕ್ಷ್ಮತೆ ಕಂಡಾಗ ನನ್ನ ಮನಸ್ಸು ವಾನ್ ಐಕ್ ಕಡೆಗೇ ವಾಲುತ್ತದೆ. ಆದರೆ ನನ್ನ ಒಲವು ಪುರಾವೆಯಲ್ಲ.

ಆದ್ದರಿಂದ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಿ, ಎರಡೂ ಚಿತ್ರಗಳ ಕೆಳಗೆ ‘ವಾನ್ ಐಕ್‌ನದೆಂದು ಹೇಳಲಾಗುವ, ಕರ್ತೃತ್ವ ಚರ್ಚೆಯಲ್ಲಿರುವ ಚಿತ್ರ’ ಎಂದು ನಮೂದಿಸಬೇಕಾಗಿ ವಿನಂತಿಸುತ್ತೇನೆ.

ಇತಿ,
ಕಲಾ ಇತಿಹಾಸದ ವಿದ್ಯಾರ್ಥಿ, ಧಾರವಾಡ